ಅಣುಬಾಂಬಿನ ಗಾಯ, ಬೆಂಕಿಬಾಂಬಿನ ಗಾಯ

ಆಗಸ್ಟ್ 6 ಧರ್ಮಸಭೆಯ ಪಂಚಾಂಗದಲ್ಲಿ ಯೇಸುಸ್ವಾಮಿಯ ದಿವ್ಯರೂಪಾಂತರದ ಹಬ್ಬ. ಬೆಟ್ಟದ ಮೇಲೆ ಮೂವರು ಶಿಷ್ಯರ ಕಣ್ಣೆದುರಿನಲ್ಲಿ ಪ್ರಭುವಿನ ಮುಖವು ಸೂರ್ಯನಂತೆ ಬೆಳಗಿದುದನ್ನು ಅಂದು ನಾವು ಧ್ಯಾನಿಸುತ್ತೇವೆ. 1945ರಲ್ಲಿ ಅದೇ ಹಬ್ಬದ ದಿನ, ಬೆಳಿಗ್ಗೆ 8 ಗಂಟೆ 15 ನಿಮಿಷಕ್ಕೆ, ಜಪಾನಿನ ಹಿರೋಶಿಮಾ ನಗರದ ಆಕಾಶದಲ್ಲಿ ಮತ್ತೊಂದು ಬೆಳಕು ಹೊಳೆಯಿತು. ಅದು ಮನುಷ್ಯನು ಮನುಷ್ಯನನ್ನು ಸುಡಲೆಂದು ಮಾಡಿದ ಬೆಳಕು. ಆ ವರ್ಷ ಮುಗಿಯುವುದರೊಳಗೆ ಅಲ್ಲಿ ಸುಮಾರು 1 ಲಕ್ಷ 40 ಸಾವಿರ ಜನರು ಪ್ರಾಣ ನೀಗಿದ್ದರು. ಮೂರು ದಿನಗಳ ಬಳಿಕ ನಾಗಸಾಕಿಯ ಮೇಲೆ ಬಿದ್ದ ಎರಡನೆಯ ಬಾಂಬು ಸುಮಾರು 70 ಸಾವಿರ ಜನರನ್ನು ಬಲಿ ತೆಗೆದುಕೊಂಡಿತು.

ಅಂದಿನಿಂದ ಜಗತ್ತು ಆ ಎರಡು ಹೆಸರುಗಳನ್ನು ಮರೆತಿಲ್ಲ. ನಮ್ಮ ನಾಡಿನ ಶಾಲೆಗಳಲ್ಲಿಯೂ ಹಿರೋಶಿಮಾ ದಿನಾಚರಣೆ ನಡೆಯುತ್ತದೆ. ಮಕ್ಕಳು ಕಾಗದದ ಕೊಕ್ಕರೆಗಳನ್ನು ಮಡಿಸುತ್ತಾರೆ. ಬಾಂಬಿನ ಹೊಡೆತಕ್ಕೆ ಸಿಕ್ಕಿಯೂ ಉಳಿದುಕೊಂಡ ಹಿರೋಶಿಮಾದ ಗುಮ್ಮಟವು 1996ರಲ್ಲಿ ವಿಶ್ವ ಪರಂಪರೆಯ ತಾಣವಾಯಿತು. ಬದುಕುಳಿದವರ ಸಂಘಟನೆಯಾದ ನಿಹೊನ್ ಹಿದಾಂಕ್ಯೊಗೆ 2024ರಲ್ಲಿ ನೊಬೆಲ್ ಶಾಂತಿ ಪುರಸ್ಕಾರ ಸಂದಿತು. ಇವೆಲ್ಲವೂ ಆಗಬೇಕಾದುವೇ.

ಆದರೆ ಅದೇ ದೇಶದಲ್ಲಿ, ಅದೇ ವರ್ಷ, ಹಿರೋಶಿಮಾಕ್ಕೆ ಐದು ತಿಂಗಳು ಮೊದಲು, ಒಂದೇ ರಾತ್ರಿಯಲ್ಲಿ ಸುಮಾರು 1 ಲಕ್ಷ ಜನರು ಸುಟ್ಟು ಸತ್ತರೆಂಬುದು ನಮ್ಮಲ್ಲಿ ಎಷ್ಟು ಮಂದಿಗೆ ತಿಳಿದಿದೆ? ಆ ರಾತ್ರಿಯ ತಾರೀಖು ಯಾವ ಶಾಲೆಯ ಫಲಕದ ಮೇಲೆಯೂ ಕಾಣುವುದಿಲ್ಲ. ಒಂದು ಬಗೆಯ ಸಾವಿಗೆ ಲೋಕವೆಲ್ಲ ತಲೆಬಾಗುವುದು, ಇನ್ನೊಂದು ಬಗೆಯ ಸಾವು ನೆನಪಿನಿಂದ ಜಾರಿಹೋಗುವುದು ಏಕೆ ಎಂಬುದನ್ನು ಈ ವಾರ ನಮ್ಮ ವಾಚಕರೊಂದಿಗೆ ವಿಚಾರಿಸಬಯಸುತ್ತೇವೆ.

ಮಾರ್ಚ್ 10ರ ರಾತ್ರಿ

1945ರ ಮಾರ್ಚ್ 9ರ ರಾತ್ರಿ ಅಮೆರಿಕದ ಬಿ-29 ವಿಮಾನಗಳು ಟೋಕಿಯೋ ಕಡೆಗೆ ಹೊರಟವು. ಅವುಗಳಲ್ಲಿ 279 ವಿಮಾನಗಳು ನಡುರಾತ್ರಿ ಕಳೆದ ಮೇಲೆ ಗುರಿಯನ್ನು ಮುಟ್ಟಿದವು. ಜನರಲ್ ಕರ್ಟಿಸ್ ಲೆಮೇ ಅವರ ಆಜ್ಞೆಯಂತೆ ಅವು ಎಂದಿಗಿಂತಲೂ ತಗ್ಗಿನಲ್ಲಿ ಹಾರಿದವು. ಸುಮಾರು 1,665 ಟನ್ ಬೆಂಕಿಬಾಂಬುಗಳನ್ನು ಸುರಿದವು. ಇವು ಕಟ್ಟಡಗಳನ್ನು ಸಿಡಿಸಿ ಕೆಡಹುವ ಬಾಂಬುಗಳಲ್ಲ. ನೇಪಾಮ್ ಎಂಬ ಅಂಟಿನಂತಹ ಇಂಧನವನ್ನು ತುಂಬಿದ ಕೊಳವೆಗಳು ಇವು. ಮನೆಯ ಮಾಡಿಗಾಗಲಿ ಮನುಷ್ಯನ ಮೈಗಾಗಲಿ ಹತ್ತಿಕೊಂಡರೆ ಬಿಡದೆ ಉರಿಯುವ ಗುಣ ಅದಕ್ಕಿತ್ತು.

ದಾಳಿಗೆಂದು ಆರಿಸಿಕೊಂಡ ಪ್ರದೇಶವೆಂದರೆ ಸುಮಿದಾ ನದಿಯ ಆಚೀಚೆಯ ಅಸಾಕುಸಾ, ಹೊಂಜೊ, ಫುಕಗಾವಾ ಮುಂತಾದ ಕೇರಿಗಳು. ಅವು ಕೂಲಿಕಾರರು, ಕುಶಲಕರ್ಮಿಗಳು, ಸಣ್ಣ ಅಂಗಡಿಕಾರರು ಒತ್ತೊತ್ತಾಗಿ ವಾಸಿಸುತ್ತಿದ್ದ ಮರದ ಮನೆಗಳ ಕೇರಿಗಳು. ಅಂದು ಬಿರುಗಾಳಿಯೂ ಬೀಸುತ್ತಿತ್ತು. ಬೆಂಕಿಗೆ ಬೆಂಕಿ ಕೂಡಿ ಊರೇ ಒಂದು ಆವಿಗೆಯಾಯಿತು. ಬೆನ್ನಿಗೆ ಕೂಸುಗಳನ್ನು ಕಟ್ಟಿಕೊಂಡ ತಾಯಂದಿರು ನದಿಯ ಕಡೆಗೆ, ಕಾಲುವೆಗಳ ಕಡೆಗೆ ಓಡಿದರು. ಸೇತುವೆಗಳ ಮೇಲೆ ಎರಡೂ ದಡಗಳಿಂದ ಬಂದ ಜನರು ಸಿಕ್ಕಿಕೊಂಡರು. ಹಿಂದೆಯೂ ಬೆಂಕಿ, ಮುಂದೆಯೂ ಬೆಂಕಿ. ನೀರಿಗೆ ಧುಮುಕಿದವರಲ್ಲಿ ಹಲವರು ಚಳಿಗೆ ಸತ್ತರು, ಹಲವರು ಉಸಿರುಕಟ್ಟಿ ಸತ್ತರು. ಬೆಳಗಾದಾಗ ಸುಮಾರು 41 ಚದರ ಕಿಲೋಮೀಟರ್ ಪ್ರದೇಶ ಬೂದಿಯಾಗಿತ್ತು. ಹತ್ತು ಲಕ್ಷ ಜನರಿಗೆ ಮನೆಯಿರಲಿಲ್ಲ. ಮುಂದಿನ ತಿಂಗಳುಗಳಲ್ಲಿ ಇದೇ ವಿಧಾನದಿಂದ ಜಪಾನಿನ 60ಕ್ಕೂ ಹೆಚ್ಚು ನಗರಗಳನ್ನು ಸುಡಲಾಯಿತು.

ಸತ್ತವರನ್ನು ಉದ್ಯಾನಗಳಲ್ಲಿ ತರಾತುರಿಯಿಂದ ಹೂಳಲಾಯಿತು. ತರುವಾಯ ಅವರ ಅವಶೇಷಗಳನ್ನು ತೆಗೆದು ದಹಿಸಿ, ಆ ಬೂದಿಯನ್ನು ಯೊಕೊಆಮಿಚೊ ಉದ್ಯಾನದ ಸ್ಮಾರಕ ಭವನದಲ್ಲಿರಿಸಿದರು. ಆ ಭವನವನ್ನು ಮೊದಲು ಕಟ್ಟಿದ್ದು 1923ರ ಮಹಾಭೂಕಂಪದಲ್ಲಿ ಮಡಿದವರಿಗಾಗಿ. ಯುದ್ಧದಲ್ಲಿ ಸುಟ್ಟುಹೋದವರಿಗೆ ಭೂಕಂಪದಲ್ಲಿ ಸತ್ತವರ ಮನೆಯಲ್ಲಿ ಒಂದು ಪಾಲು ದೊರೆಯಿತು.

ಕಾನೂನಿನ ಮುಂದೆ ಎರಡು ಗಾಯ

ನೆನಪು ಕೇವಲ ಭಾವನೆಯ ಮಾತಲ್ಲ. ನೆನಪಿನಿಂದ ಕಾನೂನು ಹುಟ್ಟುತ್ತದೆ, ಕಾನೂನಿನಿಂದ ಔಷಧ ಮತ್ತು ಅನ್ನ ಬರುತ್ತವೆ. ಆದುದರಿಂದ ಮರೆವಿನ ಬೆಲೆಯನ್ನು ತೆರುವವರು ಬದುಕುಳಿದವರು.

ಅಣುಬಾಂಬಿನಿಂದ ನೊಂದವರಿಗೂ ಆಸರೆ ಸುಲಭವಾಗಿ ದೊರೆಯಲಿಲ್ಲವೆಂಬುದನ್ನು ಇಲ್ಲಿ ಹೇಳಲೇಬೇಕು. ಹನ್ನೆರಡು ವರ್ಷ ಅವರಿಗೆ ವಿಶೇಷ ನೆರವು ಇರಲಿಲ್ಲ. ಮದುವೆಗೂ ಕೆಲಸಕ್ಕೂ ಅವರನ್ನು ದೂರವಿಟ್ಟವರಿದ್ದರು. 1954ರ ಮಾರ್ಚ್ 1ರಂದು ಪೆಸಿಫಿಕ್ ಸಾಗರದ ಬಿಕಿನಿ ದ್ವೀಪದಲ್ಲಿ ನಡೆದ ಜಲಜನಕ ಬಾಂಬಿನ ಪರೀಕ್ಷೆಯ ವಿಷಭಸ್ಮವು ಜಪಾನಿನ ಒಂದು ಮೀನುಗಾರಿಕೆಯ ದೋಣಿಯ ಮೇಲೆ ಬಿದ್ದಾಗ ದೇಶವೇ ಎಚ್ಚೆತ್ತಿತು. ಕೋಟಿಗಟ್ಟಲೆ ಜನರು ಅಣ್ವಸ್ತ್ರ ವಿರೋಧಿ ಮನವಿಗೆ ಸಹಿ ಹಾಕಿದರು. 1957ರಲ್ಲಿ ಅಣುಬಾಂಬು ಸಂತ್ರಸ್ತರ ವೈದ್ಯಕೀಯ ನೆರವಿನ ಕಾನೂನು ಬಂದಿತು. 1994ರಲ್ಲಿ ಇನ್ನಷ್ಟು ವಿಸ್ತಾರವಾದ ಕಾನೂನು ಬಂದಿತು.

ಸೈನಿಕರಿಗೂ ಅವರ ಕುಟುಂಬಗಳಿಗೂ 1950ರ ದಶಕದಿಂದಲೇ ಪಿಂಚಣಿ ದೊರೆಯತೊಡಗಿತು. ಉಳಿದವರು ಬೆಂಕಿಬಾಂಬಿಗೆ ಸಿಕ್ಕಿದ ಸಾಮಾನ್ಯ ನಾಗರಿಕರು: ಕೈ ಸುಟ್ಟುಹೋದ ಹೆಂಗಸರು, ತಂದೆತಾಯಿಗಳನ್ನು ಒಂದೇ ರಾತ್ರಿಯಲ್ಲಿ ಕಳೆದುಕೊಂಡು ಬಂಧುಗಳ ಹಂಗಿನಲ್ಲಿ ಬೆಳೆದ ಮಕ್ಕಳು. ಯುದ್ಧಕಾಲದಲ್ಲಿ ಇಂಥವರಿಗೆಂದು ಇದ್ದ ಕಾನೂನನ್ನೂ 1946ರಲ್ಲಿ ರದ್ದುಗೊಳಿಸಲಾಯಿತು. ನಾಗೋಯಾ ನಗರದ ವಾಯುದಾಳಿಯ ಸಂತ್ರಸ್ತರು ನ್ಯಾಯಾಲಯದ ಮೆಟ್ಟಿಲೇರಿದಾಗ, ಯುದ್ಧದ ಕಷ್ಟವನ್ನು ಪ್ರಜೆಗಳೆಲ್ಲರೂ ಸಮಾನವಾಗಿ ಸಹಿಸಿಕೊಳ್ಳಬೇಕೆಂಬ ಅರ್ಥದ ತೀರ್ಪನ್ನು 1987ರಲ್ಲಿ ಅಲ್ಲಿನ ಸರ್ವೋಚ್ಚ ನ್ಯಾಯಾಲಯ ನೀಡಿತು. ಟೋಕಿಯೋದ 100ಕ್ಕೂ ಹೆಚ್ಚು ಮಂದಿ ವೃದ್ಧರು 2007ರಲ್ಲಿ ಸರಕಾರದ ವಿರುದ್ಧ ಹೂಡಿದ ದಾವೆಯು 2009ರಲ್ಲಿ ವಜಾ ಆಯಿತು. 2013ರಲ್ಲಿ ಸರ್ವೋಚ್ಚ ನ್ಯಾಯಾಲಯದಲ್ಲಿಯೂ ಅವರಿಗೆ ಸೋಲಾಯಿತು. ಇತ್ತ ಜನರಲ್ ಲೆಮೇ ಅವರಿಗೆ ಜಪಾನಿನ ಸರಕಾರವೇ 1964ರಲ್ಲಿ ತನ್ನ ಉನ್ನತ ಗೌರವಗಳಲ್ಲೊಂದನ್ನು ನೀಡಿತ್ತು. ಜಪಾನಿನ ಹೊಸ ವಾಯುಪಡೆಯನ್ನು ಕಟ್ಟಲು ನೆರವಾದುದಕ್ಕೆ ಆ ಮನ್ನಣೆ.

ಟೋಕಿಯೋ ನಗರಾಡಳಿತವು ಕಟ್ಟಬೇಕೆಂದಿದ್ದ ವಸ್ತುಸಂಗ್ರಹಾಲಯದ ಯೋಜನೆಯು 1999ರಲ್ಲಿ ನಿಂತುಹೋಯಿತು. ಆಗ ಜನರೇ ದೇಣಿಗೆ ಕೂಡಿಸಿ 2002ರಲ್ಲಿ ಒಂದು ಪುಟ್ಟ ಸಂಗ್ರಹಾಲಯವನ್ನು ತೆರೆದರು. ಅದರ ಮುಂದಾಳು ಕತ್ಸುಮೊತೊ ಸವೊತೊಮೆ ಎಂಬ ಸಾಹಿತಿ. ಆ ರಾತ್ರಿ ಅವರಿಗೆ 12 ವರ್ಷ. ಬದುಕುಳಿದವರ ಮಾತುಗಳನ್ನು ಸಂಗ್ರಹಿಸುವುದರಲ್ಲಿಯೇ ಆಯುಷ್ಯವನ್ನು ಸವೆಸಿ ಅವರು 2022ರಲ್ಲಿ ತೀರಿಕೊಂಡರು.

ಭಯವೂ ಕರುಣೆಯೂ

ಗಮನವು ಹೀಗೆ ಒಂದೇ ಕಡೆಗೆ ಹರಿಯಲು ಕಾರಣಗಳು ಹಲವು. ಅಣುಬಾಂಬಿನ ಕಥೆಯನ್ನು ಒಂದು ಮಗುವಿಗೂ ಹೇಳಬಹುದು: ಒಂದು ವಿಮಾನ, ಒಂದು ಬಾಂಬು, ಒಂದು ಕ್ಷಣ, ಒಂದು ಊರು. ಅದಕ್ಕೊಂದು ಚಿತ್ರವೂ ಇದೆ, ಅಣಬೆಯಾಕಾರದ ಮೋಡ. ಬೆಂಕಿಬಾಂಬಿನ ಕಥೆಯಲ್ಲಿ ನೂರಾರು ವಿಮಾನಗಳು, ಹತ್ತಾರು ರಾತ್ರಿಗಳು, ಅರವತ್ತು ಊರುಗಳು. ಯಾವುದನ್ನು ನೆನೆಯುವುದು, ಯಾವುದನ್ನು ಬಿಡುವುದು? 1946ರ ಆಗಸ್ಟ್ 31ರಂದು ಅಮೆರಿಕದ ದಿ ನ್ಯೂಯಾರ್ಕರ್ ಪತ್ರಿಕೆಯು ತನ್ನ ಇಡೀ ಸಂಚಿಕೆಯನ್ನು ಜಾನ್ ಹರ್ಸಿ ಅವರ ಹಿರೋಶಿಮಾ ವರದಿಗೆ ಮೀಸಲಿಟ್ಟಿತು. ಅದರಲ್ಲಿ ಬರುವ ಆರು ಮಂದಿಯಲ್ಲಿ ಒಬ್ಬರು ಯೇಸುಸಭೆಯ ಜರ್ಮನ್ ಗುರುಗಳಾದ ಫಾದರ್ ವಿಲ್ಹೆಲ್ಮ್ ಕ್ಲೈನ್‌ಜೋರ್ಗೆ. ಸಂಖ್ಯೆಗಳಾಗಿದ್ದವರು ಅಲ್ಲಿ ಮನುಷ್ಯರಾದರು. ಟೋಕಿಯೋಗೆ ಅಂತಹ ಬರಹಗಾರರು ಆ ಹೊತ್ತಿನಲ್ಲಿ ದೊರೆಯಲಿಲ್ಲ.

ಆದರೆ ಎಲ್ಲಕ್ಕಿಂತ ಆಳವಾದ ಕಾರಣವೊಂದಿದೆ ಎಂದು ನಮಗೆ ತೋರುತ್ತದೆ. ಹಿರೋಶಿಮಾದಲ್ಲಿ ಲೋಕವು ತನ್ನದೇ ಸಾವನ್ನು ಕಂಡಿತು. ಅಣ್ವಸ್ತ್ರಗಳು ಶ್ರೀಮಂತ ದೇಶಗಳ ನಗರಗಳನ್ನೂ ಬಿಡುವುದಿಲ್ಲ, ಅರಸನನ್ನೂ ಆಳನ್ನೂ ಬೇರೆ ಮಾಡುವುದಿಲ್ಲ, ಇನ್ನೂ ಹುಟ್ಟದ ಪೀಳಿಗೆಯನ್ನೂ ಅಪಾಯಕ್ಕೊಡ್ಡುತ್ತವೆ. ಆದುದರಿಂದ ಹಿರೋಶಿಮಾದ ಸ್ಮರಣೆಯಲ್ಲಿ ಸತ್ತವರ ಮೇಲಿನ ಕರುಣೆಯೊಂದಿಗೆ ನಮ್ಮ ಮೇಲಿನ ಭಯವೂ ಬೆರೆತಿದೆ. ಆ ಭಯ ವಿವೇಕದ್ದೇ ಹೌದು. ಆದರೆ ಭಯವು ಅಸ್ತ್ರವನ್ನು ನೋಡುತ್ತದೆ. ಕರುಣೆಯು ಗಾಯವನ್ನು ನೋಡುತ್ತದೆ. ಬೆಂಕಿಬಾಂಬಾಗಲಿ ಬಂದೂಕಾಗಲಿ ನಮ್ಮ ಮನೆಯ ಬಾಗಿಲಿಗೆ ಬಾರದೆಂಬ ಧೈರ್ಯವಿದ್ದಾಗ ಭಯ ನಿದ್ರಿಸುತ್ತದೆ. ಆಗ ಕರುಣೆಯೂ ನಿದ್ರಿಸಿದರೆ ಅದು ನಿಜವಾದ ಕರುಣೆಯಾಗಿತ್ತೇ ಎಂಬ ಪ್ರಶ್ನೆ ಏಳುತ್ತದೆ.

ಧರ್ಮಸಭೆಯ ಅಳತೆಗೋಲು

ನಮ್ಮ ಕಥೋಲಿಕ ವಾಚಕರಿಗೆ ನಾಗಸಾಕಿಯ ಮೇಲೆ ವಿಶೇಷವಾದ ಮಮತೆಯುಂಟು. ಇನ್ನೂರೈವತ್ತು ವರ್ಷ ಗುರುಗಳಿಲ್ಲದೆ, ಗುಟ್ಟಾಗಿ ವಿಶ್ವಾಸವನ್ನು ಕಾಪಾಡಿಕೊಂಡು ಬಂದವರ ವಂಶಜರು ಅಲ್ಲಿನ ಉರಕಾಮಿಯಲ್ಲಿ ಪ್ರಧಾನಾಲಯವನ್ನು ಕಟ್ಟಿದ್ದರು. 1945ರ ಆಗಸ್ಟ್ 9ರಂದು ಸ್ವರ್ಗಸ್ವೀಕೃತ ಮಾತೆಯ ಹಬ್ಬದ ಸಿದ್ಧತೆಗಾಗಿ ಪಾಪನಿವೇದನೆಗೆ ಬಂದಿದ್ದ ಭಕ್ತರೂ ಅದನ್ನು ಆಲಿಸುತ್ತಿದ್ದ ಇಬ್ಬರು ಗುರುಗಳೂ ಅಲ್ಲಿಯೇ ಮಡಿದರು. ಅಲ್ಲಿನ ಸುಮಾರು 12 ಸಾವಿರ ಕಥೋಲಿಕರಲ್ಲಿ ಸುಮಾರು 8,500 ಮಂದಿ ಸತ್ತರು. ನಾಗಸಾಕಿಗಾಗಿ ನಾವು ಮರುಗುವುದು ಸಹಜ.

ಆದರೂ ಧರ್ಮಸಭೆಯ ಬೋಧನೆಯು ಅಣುಬಾಂಬಿನಿಂದ ಆರಂಭವಾಗುವುದಿಲ್ಲ. 1944ರ ಸೆಪ್ಟೆಂಬರಿನಲ್ಲಿ, ಅಣುಬಾಂಬಿನ ಹೆಸರನ್ನೇ ಜನರು ಕೇಳದಿದ್ದ ಕಾಲದಲ್ಲಿ, ಯೇಸುಸಭೆಯ ಅಮೆರಿಕನ್ ಗುರುಗಳಾದ ಫಾದರ್ ಜಾನ್ ಫೋರ್ಡ್ ಅವರು ನಗರಗಳನ್ನೇ ಅಳಿಸಿಹಾಕುವ ಬಾಂಬು ದಾಳಿಯು ಅನೈತಿಕವೆಂದು ದೈವಶಾಸ್ತ್ರದ ಪತ್ರಿಕೆಯೊಂದರಲ್ಲಿ ಬರೆದರು. ಅವರ ದೇಶವೇ ಅಂಥ ದಾಳಿಗಳನ್ನು ನಡೆಸುತ್ತಿದ್ದ ಸಮಯವದು. ನಗರದಲ್ಲಿ ವಾಸಿಸುವ ಬಗೆಬಗೆಯ ಕಸುಬಿನವರನ್ನು ಪಟ್ಟಿಮಾಡಿ, ಇವರೆಲ್ಲರೂ ಯೋಧರೇ ಎಂದು ಅವರು ಕೇಳಿದರು. ಟೋಕಿಯೋ ಸುಟ್ಟದ್ದು ಆ ಲೇಖನ ಪ್ರಕಟವಾಗಿ ಆರು ತಿಂಗಳಿಗೆ.

1965ರ ಡಿಸೆಂಬರ್ 7ರಂದು ದ್ವಿತೀಯ ವ್ಯಾಟಿಕನ್ ಮಹಾಸಭೆಯು ಆಧುನಿಕ ಜಗತ್ತಿನಲ್ಲಿ ಧರ್ಮಸಭೆಯ ಪಾತ್ರವನ್ನು ಕುರಿತ ತನ್ನ ಪ್ರಕಟಣೆಯಲ್ಲಿ ಇದನ್ನೇ ಘೋಷಿಸಿತು. ಇಡೀ ನಗರಗಳನ್ನು ನಿವಾಸಿಗಳ ಸಮೇತ ವಿವೇಚನೆಯಿಲ್ಲದೆ ನಾಶಮಾಡುವ ಯಾವುದೇ ಯುದ್ಧಕಾರ್ಯವು ದೇವರ ವಿರುದ್ಧವೂ ಮಾನವನ ವಿರುದ್ಧವೂ ಎಸಗುವ ಅಪರಾಧವೆಂಬುದು 80ನೆಯ ಪರಿಚ್ಛೇದದ ಸಾರ. ಇಲ್ಲಿ ಗಮನಿಸಬೇಕಾದುದು 'ಯಾವುದೇ' ಎಂಬ ಮಾತು. ನಗರವನ್ನು ಒಂದು ಬಾಂಬಿನಿಂದ ಕೊಂದರೂ ಅಪರಾಧ, ಲಕ್ಷ ಬಾಂಬುಗಳಿಂದ ಕೊಂದರೂ ಅಪರಾಧ.

ಹಾಗೆಂದು ಅಣ್ವಸ್ತ್ರಗಳ ವಿಶಿಷ್ಟ ಭಯಂಕರತೆಯನ್ನು ಧರ್ಮಸಭೆಯು ಅಲ್ಲಗಳೆದಿಲ್ಲ. ಅಣ್ವಸ್ತ್ರ ನಿಷೇಧ ಒಪ್ಪಂದಕ್ಕೆ 2017ರಲ್ಲಿ ಮೊದಲಿಗೆ ಅನುಮೋದನೆ ನೀಡಿದವರ ಸಾಲಿನಲ್ಲಿ ಪವಿತ್ರ ಪೀಠವೂ ಇತ್ತು. ದಿವಂಗತ ಜಗದ್ಗುರು ಫ್ರಾನ್ಸಿಸ್ ಅವರು 2019ರ ನವೆಂಬರ್ 24ರಂದು ನಾಗಸಾಕಿ ಮತ್ತು ಹಿರೋಶಿಮಾಗಳಿಗೆ ಭೇಟಿಯಿತ್ತಾಗ, ಅಣ್ವಸ್ತ್ರಗಳ ಬಳಕೆಯಷ್ಟೇ ಅಲ್ಲ, ಅವನ್ನು ಇರಿಸಿಕೊಳ್ಳುವುದೂ ಅನೈತಿಕವೆಂದು ಸಾರಿದರು. ಆದರೆ ಅದೇ ಜಗದ್ಗುರುಗಳು ಮೂರನೆಯ ಮಹಾಯುದ್ಧವು ತುಂಡುತುಂಡಾಗಿ ಈಗಾಗಲೇ ನಡೆಯುತ್ತಿದೆಯೆಂದು 2014ರಿಂದಲೂ ಎಚ್ಚರಿಸುತ್ತ ಬಂದಿದ್ದರು. ಆ ತುಂಡು ಯುದ್ಧಗಳಲ್ಲಿ ಕೊಲ್ಲುತ್ತಿದ್ದುದು ಅಣುಬಾಂಬಲ್ಲ. ಬಂದೂಕು, ಫಿರಂಗಿ, ನೆಲಬಾಂಬು ಮತ್ತು ಹಸಿವು.

ಯುರೇನಿಯಂ ಹೊರಟ ನಾಡು

ಹಿರೋಶಿಮಾವನ್ನು ಸುಟ್ಟ ಯುರೇನಿಯಂ ಎಲ್ಲಿಂದ ಬಂದಿತು? ಅದರ ಹೆಚ್ಚಿನ ಭಾಗವು ಆಫ್ರಿಕದ ಕಾಂಗೋದಿಂದ, ಕಟಾಂಗಾ ಪ್ರಾಂತದ ಷಿಂಕೊಲೊಬ್ವೆ ಎಂಬ ಗಣಿಯಿಂದ ಬಂದಿತು. ಬೆಲ್ಜಿಯಂನ ವಸಾಹತಾಗಿದ್ದ ಆ ನಾಡಿನಿಂದ 1940ರಲ್ಲಿಯೇ ಸಾವಿರ ಟನ್ನಿಗೂ ಹೆಚ್ಚು ಅದಿರನ್ನು ನ್ಯೂಯಾರ್ಕಿಗೆ ಸಾಗಿಸಲಾಗಿತ್ತು. ಬಾಂಬಿನ ಕಥೆ ಲೋಕಪ್ರಸಿದ್ಧವಾಯಿತು. ಅದಿರನ್ನು ಅಗೆದವರ ನಾಡು ಯಾರ ನೆನಪಿನಲ್ಲಿಯೂ ಉಳಿಯಲಿಲ್ಲ.

ಕಾಂಗೋ ಆಫ್ರಿಕದಲ್ಲಿ ಅತಿ ಹೆಚ್ಚು ಕಥೋಲಿಕರಿರುವ ದೇಶ. 1996ರಿಂದೀಚೆಗೆ ಅಲ್ಲಿ ಯುದ್ಧದ ಮೇಲೆ ಯುದ್ಧ ನಡೆಯಿತು. 1998ರಿಂದ 2007ರವರೆಗಿನ ಅವಧಿಯಲ್ಲಿ ಸುಮಾರು 54 ಲಕ್ಷ ಜನರು ಯುದ್ಧದ ಪರಿಣಾಮವಾಗಿ ಸತ್ತರೆಂದು ಇಂಟರ್‌ನ್ಯಾಷನಲ್ ರೆಸ್ಕ್ಯೂ ಕಮಿಟಿಯ ಸಮೀಕ್ಷೆಗಳು ಅಂದಾಜಿಸಿದವು. ಆ ಸಂಖ್ಯೆ ಹೆಚ್ಚಾಯಿತೆಂದು ವಾದಿಸುವ ತಜ್ಞರೂ ಇದ್ದಾರೆ. ಅದನ್ನು ಅರ್ಧಕ್ಕೆ ಇಳಿಸಿದರೂ ಅದು ಎರಡು ಅಣುಬಾಂಬುಗಳ ಬಲಿಯ ಹತ್ತು ಪಟ್ಟಿಗಿಂತ ಹೆಚ್ಚು. ಆದರೆ ಅವರಲ್ಲಿ ಬಹುಪಾಲು ಜನರು ಗುಂಡೇಟಿನಿಂದ ಸಾಯಲಿಲ್ಲ. ಹಳ್ಳಿ ತೊರೆದು ಕಾಡಿಗೆ ಓಡಿ, ಮಲೇರಿಯ, ಭೇದಿ, ನ್ಯುಮೋನಿಯ, ಹಸಿವುಗಳಿಂದ ಸತ್ತರು. ಸತ್ತವರಲ್ಲಿ ಮಕ್ಕಳ ಪಾಲು ದೊಡ್ಡದು. ಇಂತಹ ಸಾವಿಗೆ ಅಣಬೆಯ ಮೋಡವಿಲ್ಲ. ನೆನೆಯಲು ಒಂದು ತಾರೀಖೂ ಇಲ್ಲ.

ಲೋಕವನ್ನು ಎಚ್ಚರಿಸಲು ಯತ್ನಿಸಿದವರಲ್ಲಿ ಒಬ್ಬರನ್ನು ನಾವು ಸ್ಮರಿಸಲೇಬೇಕು. ಪೂರ್ವ ಕಾಂಗೋದ ಬುಕಾವು ಪಟ್ಟಣದ ಮಹಾಧರ್ಮಾಧ್ಯಕ್ಷರಾಗಿದ್ದ ಕ್ರಿಸ್ತೋಫ್ ಮುನ್ಜಿಹಿರ್ವ ಅವರು ರುವಾಂಡಾದ ನಿರಾಶ್ರಿತರ ಪರವಾಗಿಯೂ ತಮ್ಮ ಜನರ ಪರವಾಗಿಯೂ ಹೊರಲೋಕಕ್ಕೆ ಮೇಲಿಂದ ಮೇಲೆ ಮೊರೆಯಿಟ್ಟರು. ಸೈನ್ಯ ಸಮೀಪಿಸಿದಾಗಲೂ ಊರು ಬಿಡಲಿಲ್ಲ. 1996ರ ಅಕ್ಟೋಬರ್ 29ರಂದು ಅವರನ್ನು ಬೀದಿಯಲ್ಲಿಯೇ ಕೊಲ್ಲಲಾಯಿತು. 2023ರ ಆರಂಭದಲ್ಲಿ ಜಗದ್ಗುರು ಫ್ರಾನ್ಸಿಸ್ ಅವರು ಕಿನ್ಶಾಸಾಕ್ಕೆ ಹೋಗಿ, ಪೂರ್ವದ ಹಿಂಸೆಗೆ ತುತ್ತಾದವರನ್ನು ಎದುರಿಗೆ ಕೂರಿಸಿಕೊಂಡು ಅವರ ಮಾತುಗಳನ್ನು ಆಲಿಸಿದರು. 2025ರ ಜನವರಿಯಲ್ಲಿ ಗೋಮಾ ನಗರವೂ ಮರುತಿಂಗಳು ಬುಕಾವು ಪಟ್ಟಣವೂ ಬಂಡುಕೋರರ ವಶವಾದವು. ವಿಶ್ವಸಂಸ್ಥೆಯ ಶಾಂತಿಪಾಲನಾ ಪಡೆಯಲ್ಲಿ ನಮ್ಮ ದೇಶದ ಯೋಧರು ವರ್ಷಗಟ್ಟಲೆ ಕಾವಲು ನಿಂತ ನೆಲವಿದು. ಆದರೂ ನಮ್ಮ ಮನೆಗಳಲ್ಲಿ ಆ ಊರುಗಳ ಹೆಸರು ಕೇಳಿಬರುವುದು ಅಪರೂಪ.

ಫಾದರ್ ಅರೂಪೆಯವರ ದಾರಿ

ಹಾಗಾದರೆ ಹಿರೋಶಿಮಾದ ಗಮನವನ್ನು ಕಡಿಮೆ ಮಾಡಿ ಟೋಕಿಯೋಗೂ ಕಾಂಗೋಗೂ ಹಂಚಬೇಕೆ? ಸರ್ವಥಾ ಅಲ್ಲ. ಕರುಣೆಯು ಕಣಜದ ಭತ್ತದಂತೆ ಅಳೆದು ಹಂಚುವ ವಸ್ತುವಲ್ಲ. ಒಂದು ಗಾಯವನ್ನು ನಿಜವಾಗಿ ಕಂಡವರು ಮತ್ತೊಂದು ಗಾಯವನ್ನು ಕಾಣದಿರಲಾರರು. ಇದಕ್ಕೆ ಫಾದರ್ ಪೆದ್ರೊ ಅರೂಪೆ ಅವರ ಬಾಳೇ ನಿದರ್ಶನ.

ಸ್ಪೇನಿನವರಾದ ಅರೂಪೆಯವರು ಯೇಸುಸಭೆಯನ್ನು ಸೇರುವ ಮೊದಲು ವೈದ್ಯಕೀಯ ವಿದ್ಯಾರ್ಥಿಯಾಗಿದ್ದರು. 1945ರಲ್ಲಿ ಅವರು ಹಿರೋಶಿಮಾದ ಹೊರವಲಯದ ನಾಗಾತ್ಸುಕದಲ್ಲಿ ನವಶಿಷ್ಯರ ಗುರುಗಳು. ಬಾಂಬು ಬಿದ್ದೊಡನೆ ಆ ಮಠವನ್ನೇ ಆಸ್ಪತ್ರೆಯನ್ನಾಗಿ ಮಾಡಿ, ಇದ್ದಬದ್ದ ಬೋರಿಕ್ ಪುಡಿಯಿಂದಲೇ ನೂರೈವತ್ತಕ್ಕೂ ಹೆಚ್ಚು ಗಾಯಾಳುಗಳಿಗೆ ಆರೈಕೆ ಮಾಡಿದರು. ಮರುದಿನ ಮುಂಜಾನೆ ಗಾಯಾಳುಗಳು ನೆಲದ ತುಂಬ ಮಲಗಿದ್ದ ಪ್ರಾರ್ಥನಾಲಯದಲ್ಲಿಯೇ ಬಲಿಪೂಜೆಯನ್ನು ಅರ್ಪಿಸಿದರು.

1965ರಲ್ಲಿ ಅವರು ಯೇಸುಸಭೆಯ ಮಹಾಶ್ರೇಷ್ಠರಾದರು. ವಿಯೆಟ್ನಾಂ ಯುದ್ಧದ ನಂತರ ಜನರು ಮುರುಕು ದೋಣಿಗಳಲ್ಲಿ ಸಮುದ್ರಕ್ಕಿಳಿದು ಮುಳುಗಿ ಸಾಯುತ್ತಿದ್ದ ಸುದ್ದಿಯು ಅವರ ಮನವನ್ನು ಕಲಕಿತು. ಅವರನ್ನು ಓಡಿಸಿದ್ದು ಅಣುಬಾಂಬಲ್ಲ. ಆದರೆ ಆ ಭೇದವು ಅರೂಪೆಯವರನ್ನು ತಡೆಯಲಿಲ್ಲ. 1980ರ ನವೆಂಬರ್ 14ರಂದು ಅವರು ಯೇಸುಸಭೆಯ ನಿರಾಶ್ರಿತರ ಸೇವಾಸಂಸ್ಥೆಯನ್ನು ಆರಂಭಿಸಿದರು. ಶ್ರೀಲಂಕಾದ ಯುದ್ಧದಿಂದ ಓಡಿಬಂದು ತಮಿಳುನಾಡಿನ ಶಿಬಿರಗಳಲ್ಲಿ ನೆಲೆಸಿದ ಕುಟುಂಬಗಳ ಮಕ್ಕಳ ಶಿಕ್ಷಣಕ್ಕೂ ಆ ಸಂಸ್ಥೆ ನೆರವಾಗಿದೆ. 1981ರ ಆಗಸ್ಟ್ 6ರಂದು, ಹಿರೋಶಿಮಾದ ದಿನದಂದೇ, ಬ್ಯಾಂಕಾಕಿನಲ್ಲಿ ಅರೂಪೆಯವರು ನಿರಾಶ್ರಿತರ ಸೇವೆಯಲ್ಲಿದ್ದ ತಮ್ಮ ಸಹೋದರರೊಂದಿಗೆ ಮಾತನಾಡಿ, ಪ್ರಾರ್ಥನೆಯನ್ನು ಬಿಡಬೇಡಿರೆಂದು ಕೇಳಿಕೊಂಡರು. ಮರುದಿನ ರೋಮಿಗೆ ಬಂದಿಳಿದಾಗ ಅವರಿಗೆ ಪಾರ್ಶ್ವವಾಯು ಬಡಿಯಿತು. ಮತ್ತೆ ಅವರು ಎಂದಿನಂತೆ ಮಾತನಾಡಲಾಗಲಿಲ್ಲ, 1991ರಲ್ಲಿ ತೀರಿಕೊಂಡರು.

ನಾವು ಮಾಡಬಹುದಾದುದು ಚಿಕ್ಕದು, ಆದರೆ ನಮ್ಮ ಕೈಯಲ್ಲಿಯೇ ಇರುವಂಥದು. ಆಗಸ್ಟ್ 6ರ ಹಬ್ಬದ ಪೂಜೆಯಲ್ಲಿ ಹಿರೋಶಿಮಾದ ಹೆಸರೆತ್ತುವಾಗ ವಿಶ್ವಾಸಿಗಳ ಪ್ರಾರ್ಥನೆಯಲ್ಲಿ ಗೋಮಾ, ಬುಕಾವುಗಳ ಹೆಸರನ್ನೂ ಸೇರಿಸೋಣ. ಮಾರ್ಚ್ 10 ಪ್ರತಿವರ್ಷವೂ ತಪಸ್ಸುಕಾಲದಲ್ಲಿಯೇ ಬರುತ್ತದೆ. ಅಂದಿನ ಶಿಲುಬೆಯ ಹಾದಿಯ ಒಂದು ಸ್ಥಳದಲ್ಲಿ ಟೋಕಿಯೋದ ತಾಯಂದಿರನ್ನು ನೆನೆಯೋಣ. ನಮ್ಮ ಧರ್ಮೋಪದೇಶದ ತರಗತಿಗಳ ಮಕ್ಕಳಿಗೆ ಭೂಪಟದಲ್ಲಿ ಹಿರೋಶಿಮಾವನ್ನು ತೋರಿಸುವ ಬೆರಳು ಕಾಂಗೋದ ಕಡೆಗೂ ಸರಿಯಲಿ. ತಪಸ್ಸುಕಾಲದ ಉಳಿತಾಯದಲ್ಲಿ ಒಂದು ಪಾಲು ನಿರಾಶ್ರಿತರಿಗೆ ಸಲ್ಲಲಿ.

ಜೆರಿಕೊವಿನ ದಾರಿಯಲ್ಲಿ ಬಿದ್ದಿದ್ದವನನ್ನು ಕಂಡ ಸಮಾರಿಯದವನು, ನಿನ್ನನ್ನು ಹೊಡೆದದ್ದು ಯಾವ ಆಯುಧವೆಂದು ಕೇಳಲಿಲ್ಲ. ಹತ್ತಿರ ಹೋದನು, ಗಾಯಗಳನ್ನು ಕಟ್ಟಿದನು, ಛತ್ರದವನ ಕೈಗೆ ಹಣವನ್ನಿತ್ತನು. ನೀನೂ ಹೋಗಿ ಹಾಗೆಯೇ ಮಾಡೆಂದು ಪ್ರಭುವು ಆ ಧರ್ಮಪಂಡಿತನಿಗೆ ಹೇಳಿದ ಮಾತು ನಮ್ಮೆಲ್ಲರಿಗೂ ಸಲ್ಲುತ್ತದೆ.